ಎಂಆರ್‌ಐ ನಾರ್ಮಲ್, ಆದರೆ ಮನುಷ್ಯ ಮೊದಲಿನಂತಿಲ್ಲ

ಸಮಸ್ಯೆ: ನನ್ನ ಪತಿಗೆ 54 ವರ್ಷ. ಹದಿನಾರು ವರ್ಷ ಬಾಕ್ಸಿಂಗ್ ಆಡಿದವರು. ಎರಡು ವರ್ಷದಿಂದ ಮರೆವು, ಸಣ್ಣದಕ್ಕೂ ಸಿಟ್ಟು, ನಿದ್ದೆ ಸರಿಯಿಲ್ಲ. ಎಂಆರ್‌ಐ ನಾರ್ಮಲ್ ಬಂದಿದೆ. ಇದು ಸಿಟಿಇ (ತಲೆಗೆ ಪದೇ ಪದೇ ಬಿದ್ದ ಏಟಿನಿಂದ ಬರುವ ಮಿದುಳಿನ ಕಾಯಿಲೆ) ಇರಬಹುದೇ? 15 ವರ್ಷದ ಮಗನೂ ಬಾಕ್ಸಿಂಗ್ ಕಲಿಯುತ್ತಿದ್ದಾನೆ, ಬಿಡಿಸಬೇಕೇ?

ಓದುಗರ ಸ್ಪಂದನ

ಬದುಕಿರುವವರಲ್ಲಿ ಸಿಟಿಇ ಇದೆಯೆಂದು ಖಚಿತಪಡಿಸುವ ಪರೀಕ್ಷೆ ಇನ್ನೂ ಬಂದಿಲ್ಲ, ಸೋದರಿ. ಮಿದುಳಿನ ಮಡಿಕೆಗಳ ತಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಟೌ ಎಂಬ ಪ್ರೋಟೀನು ಗಂಟುಗಟ್ಟಿರುವುದೇ ಈ ಕಾಯಿಲೆಯ ಗುರುತು. ಮರಣಾನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಷ್ಟೇ ಅದು ಕಾಣುತ್ತದೆ. ಆದ್ದರಿಂದ ನಾರ್ಮಲ್ ರಿಪೋರ್ಟ್‌ನಿಂದ ಈ ಪ್ರಶ್ನೆ ಯಾವ ಕಡೆಗೂ ತೀರ್ಮಾನವಾಗುವುದಿಲ್ಲ. 2017ರಲ್ಲಿ ಬಾಸ್ಟನ್‌ನ ಸಂಶೋಧಕರು ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 111 ಮಾಜಿ ಆಟಗಾರರ, ದಾನವಾಗಿ ಬಂದ ಮಿದುಳು ನೋಡಿ 110ರಲ್ಲಿ ಸಿಟಿಇ ಕಂಡರು ಎಂಬುದನ್ನು ನೀವು ಓದಿರಬಹುದು. ಮಿದುಳು ದಾನಕ್ಕೆ ಮುಂದಾಗುವವರು ಹೆಚ್ಚಾಗಿ ಮೊದಲೇ ತೊಂದರೆ ಕಂಡ ಮನೆಯವರು. ಆ ಲೆಕ್ಕವನ್ನು ಆಡಿದವರೆಲ್ಲರಿಗೂ ಹಚ್ಚಬೇಡಿ.

ಇದೇ ಲಕ್ಷಣ ಕೊಡುವ, ಚಿಕಿತ್ಸೆಗೆ ಬಗ್ಗುವ ಕಾರಣಗಳನ್ನು ಮೊದಲು ಹುಡುಕಿಸಿ. ರಕ್ತದಲ್ಲಿ ಬಿ12, ಥೈರಾಯ್ಡ್‌ನ ಟಿಎಸ್‌ಎಚ್, ಸೋಡಿಯಂ, ಸಕ್ಕರೆ, ಲಿವರ್ ಪರೀಕ್ಷೆ. ತಲೆಗೆ ಪದೇ ಪದೇ ಏಟು ತಿಂದವರಲ್ಲಿ ಹಾರ್ಮೋನುಗಳನ್ನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿ ಸೊರಗುವುದುಂಟು, ಅದನ್ನು ಬಹಳ ಕಡೆ ಮರೆತುಬಿಡುತ್ತಾರೆ. ಬೆಳಿಗ್ಗೆ ಎಂಟರ ಹೊತ್ತಿಗೆ ಕಾರ್ಟಿಸಾಲ್, ಟೆಸ್ಟೋಸ್ಟಿರೋನ್ ನೋಡಿಸಲು ಕೇಳಿ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ನಿದ್ದೆಯ ಪರೀಕ್ಷೆ ಆಗಲೇಬೇಕು. ರಾತ್ರಿಯಿಡೀ ಆಮ್ಲಜನಕ ಇಳಿಯುತ್ತಿದ್ದರೆ ಹಗಲಲ್ಲಿ ಮರೆವು, ಸಿಡುಕು ಎರಡೂ ಬರುತ್ತವೆ. ಖಿನ್ನತೆ, ಮದ್ಯ, ನಿದ್ದೆ ಮಾತ್ರೆ, ಅಲರ್ಜಿಯ ಹಳೆಯ ಮಾತ್ರೆಗಳೂ ಹಾಗೆಯೇ ಮಾಡುತ್ತವೆ. ಮನೆಯಲ್ಲಿರುವ ಎಲ್ಲ ಔಷಧಿಯನ್ನೂ ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮುಂದೆ ಇಡಿ.
– ನರರೋಗ ತಜ್ಞೆ

ಡಾಕ್ಟರ ಬಳಿ ಹೋಗುವ ಮೊದಲು ಒಂದು ಹಾಳೆ ಬರೆದಿಟ್ಟುಕೊಳ್ಳಿ ಅಮ್ಮಾ. ಯಾವ ವಯಸ್ಸಿನಲ್ಲಿ ಶುರು, ಎಷ್ಟು ಪಂದ್ಯ, ವಾರಕ್ಕೆ ಎಷ್ಟು ಸುತ್ತು ಸ್ಪಾರಿಂಗ್ (ಜೊತೆಗಾರನೊಂದಿಗಿನ ಅಭ್ಯಾಸದ ಗುದ್ದಾಟ), ಎಷ್ಟು ಸಲ ನಾಕ್‌ಔಟ್. ಸ್ಪಾರಿಂಗ್ ಲೆಕ್ಕವೇ ಮುಖ್ಯ, ಏಕೆಂದರೆ ಪಂದ್ಯಕ್ಕಿಂತ ಹೆಚ್ಚು ಏಟು ಬೀಳುವುದು ಅಲ್ಲೇ, ಮತ್ತು ಪ್ರಜ್ಞೆ ತಪ್ಪಿಸದ ಸಣ್ಣ ಏಟುಗಳ ಮೊತ್ತವೇ ಅಪಾಯವನ್ನು ಹೆಚ್ಚಿಸುತ್ತದೆ. ಇನ್ನೊಂದು ಬದಿಯಲ್ಲಿ ಎರಡು ವಾರದ ಟಿಪ್ಪಣಿ: ಸಿಟ್ಟು ಬಂದ ಹೊತ್ತು, ಅದಕ್ಕೆ ಮುಂಚೆ ಏನಾಯಿತು, ಹಿಂದಿನ ರಾತ್ರಿಯ ನಿದ್ದೆ, ಕುಡಿತ. ಹಣದ ವ್ಯವಹಾರದಲ್ಲಿ ತಪ್ಪುತ್ತಿದ್ದಾರೆಯೇ ಎಂಬುದನ್ನೂ ಸೇರಿಸಿ.

ಮೋಕಾ ಎಂಬ 30 ಅಂಕದ ಪರೀಕ್ಷೆ ಹತ್ತೇ ನಿಮಿಷದ್ದು. ಓದಿನ ಮಟ್ಟ, ಭಾಷೆ ಎರಡರಿಂದಲೂ ಅದರ ಅಂಕ ಏರುಪೇರಾಗುತ್ತದೆ, ಅದೊಂದನ್ನೇ ನಂಬಬೇಡಿ. ಅವರ ಮಾತೃಭಾಷೆಯಲ್ಲಿ ಎರಡು ಮೂರು ಗಂಟೆಯ ವಿಸ್ತೃತ ಪರೀಕ್ಷೆ ಮಾಡಿಸಿ, ಒಂದು ವರ್ಷದ ನಂತರ ಮತ್ತೆ ಮಾಡಿಸಿ. ಸಿಟಿಇ ಶಂಕಿಸಲು ಬಳಸುವ 2021ರ ಸಂಶೋಧನಾ ಮಾನದಂಡವೂ ಲಕ್ಷಣಗಳು ಕನಿಷ್ಠ ಒಂದು ವರ್ಷ ಹೆಚ್ಚುತ್ತಾ ಬಂದಿರಬೇಕು, ಬೇರೆ ಕಾಯಿಲೆಯಿಂದ ಪೂರ್ತಿ ವಿವರಿಸಲಾಗಬಾರದು ಎನ್ನುತ್ತದೆ. ಒಂದೇ ಸಲದ ಅಂಕದಿಂದ ಅದು ತಿಳಿಯದು.
– ನರಮನೋವಿಜ್ಞಾನಿ

ಕಾರಣ ಯಾವುದಾದರೂ ಸಿಟ್ಟನ್ನು ಈಗಲೇ ನಿಭಾಯಿಸಬೇಕಲ್ಲ. ಸಿಟ್ಟು ಏರಿದಾಗ ವಾದ ಬೇಡ, "ನೆನಪಿಲ್ಲವಾ?" ಎಂಬ ಪ್ರಶ್ನೆಯಂತೂ ಬೇಡವೇ ಬೇಡ. ಟಿವಿ ಆರಿಸಿ, ಒಂದು ಸಲಕ್ಕೆ ಒಂದೇ ಮಾತು ಹೇಳಿ. ಬಾಗಿಲ ಹತ್ತಿರದ ಕಡೆ ನೀವಿರಿ, ಬೇಕೆಂದರೆ ಹೊರಗೆ ಹೋಗಿಬಿಡಿ. ಸಾಯುವ ಮಾತು ಬಂದರೆ ಅದೇ ದಿನ ಮನೋವೈದ್ಯರಿಗೆ ತೋರಿಸಿ, ಮಾತ್ರೆಗಳಿಗೆ ಬೀಗ ಹಾಕಿ. ನಡಿಗೆ ಬಿಗಿಯಾಗಿದ್ದರೆ ಅಥವಾ ಕೈ ನಡುಗುತ್ತಿದ್ದರೆ ತಪ್ಪದೆ ಹೇಳಿ, ಹ್ಯಾಲೊಪೆರಿಡಾಲ್‌ನಂಥ ಮನೋರೋಗದ ಔಷಧಿ ಅದನ್ನು ಹೆಚ್ಚಿಸುತ್ತದೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು, ಹತ್ತು ದಿನಕ್ಕೆ ನಿಲ್ಲಿಸಬೇಡಿ. ಸಿಟಿಇ ಗುಣಪಡಿಸುತ್ತೇವೆಂದು ಆಮ್ಲಜನಕ ಕೊಠಡಿ, ಪುಡಿ ಮಾರುವವರಿಗೆ ದುಡ್ಡು ಕೊಡಬೇಡಿ.
– ಮನೋವೈದ್ಯಕೀಯ ಶುಶ್ರೂಷಕಿ

ಮಗನ ವಿಷಯ. ಹೆಡ್‌ಗಾರ್ಡ್ ಹಾಕಿದರೆ ಸಾಕೆಂಬುದು ತಪ್ಪು. ಅದು ಚರ್ಮ ಸೀಳುವುದನ್ನು ತಡೆಯುತ್ತದೆ, ತಲೆಬುರುಡೆಯೊಳಗೆ ಮಿದುಳು ತಿರುಚಿಕೊಳ್ಳುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಅಮೆರಿಕನ್ ಫುಟ್‌ಬಾಲ್ ಆಡಿದವರ ಅಧ್ಯಯನದಲ್ಲಿ ಆಡಿದ ಒಂದೊಂದು ವರ್ಷಕ್ಕೂ ಸಿಟಿಇ ಸಂಭವ ಸುಮಾರು 30 ಶೇಕಡಾ ಏರಿತ್ತು. ನನ್ನನ್ನು ಕೇಳಿದರೆ ತಲೆಗೆ ಹೊಡೆಯುವ ಸ್ಪಾರಿಂಗ್ ಪೂರ್ತಿ ನಿಲ್ಲಿಸಿ. ಬ್ಯಾಗ್, ಪ್ಯಾಡ್, ಸ್ಕಿಪ್ಪಿಂಗ್, ಕಾಲಿನ ಚಲನೆ, ದೇಹಕ್ಕಷ್ಟೇ ಹೊಡೆಯುವ ಅಭ್ಯಾಸ ಮುಂದುವರಿಯಲಿ. ಕೋಚ್ ಒಪ್ಪದಿದ್ದರೆ ಕೋಚನ್ನೇ ಬದಲಿಸಿ. ಆದರೂ ತಲೆಗೆ ಏಟು ಬಿದ್ದು ತಲೆಸುತ್ತು, ವಾಕರಿಕೆ, ಮಂಕು ಕಂಡರೆ ಆ ದಿನ ಮತ್ತೆ ಗ್ಲೌಸ್ ಹಾಕಬಾರದು. ಒಂದೆರಡು ದಿನ ಹಗುರ ವಿಶ್ರಾಂತಿ, ಆಮೇಲೆ ನಡಿಗೆ, ಸೈಕಲ್, ಒಬ್ಬನೇ ಮಾಡುವ ಕಸರತ್ತು. ಒಂದೊಂದು ಹಂತಕ್ಕೂ ಕನಿಷ್ಠ 24 ಗಂಟೆ ಬಿಡಿ, ಲಕ್ಷಣ ಜೋರಾದರೆ ಒಂದು ಹಂತ ಹಿಂದಕ್ಕೆ. ಬೇರೆಯವರೊಂದಿಗಿನ ಅಭ್ಯಾಸ ವೈದ್ಯರು ಬರೆದುಕೊಟ್ಟ ಮೇಲೆಯೇ. ವಾಂತಿ ನಿಲ್ಲದಿದ್ದರೆ, ಎಚ್ಚರಿಸಿದರೂ ಏಳದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.
– ಕ್ರೀಡಾ ಫಿಸಿಯೋಥೆರಪಿಸ್ಟ್