90 ದಾಟಿದ ಹೊಲಮನೆಯ ಅಜ್ಜಿಯ ನೆನಪು ಬರೆಯಬೇಕು: ಎಲ್ಲಿಂದ ಶುರು ಮಾಡುವುದು?

ಹಳೇಟ್ರಂಕು (ಪ್ರಶ್ನೆ)

ಹೊಲಮನೆಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಇನ್ನೊಂದು ಹೊಲಮನೆ ಸೇರಿ, ಎಲ್ಲರೂ 93 ಎನ್ನುವ ವಯಸ್ಸಿನಲ್ಲಿ ತೀರಿಕೊಂಡ ಅಜ್ಜಿಯೊಬ್ಬರ ಬಗ್ಗೆ 12 ಪುಟದ ಪುಸ್ತಿಕೆ ಆಗಬೇಕಿದೆ. ಅದರಿಂದಲೇ 5 ನಿಮಿಷ ಓದುವಷ್ಟು ಬೇರೆ ತೆಗೆಯಬೇಕು. ಕೈಲಿರುವುದು ಇಷ್ಟು: ಫೋನಿನಲ್ಲಿ ಹಿಡಿದಿಟ್ಟ 2 ಗಂಟೆ ಮಾತು, ಒಂದು ಸಿ-90 (90 ನಿಮಿಷದ) ಕ್ಯಾಸೆಟ್, 30 ಚಿಲ್ಲರೆ ಫೋಟೊಗಳು (ಒಂದು ಚೌಕಟ್ಟಿನ ಗಾಜಿಗೇ ಅಂಟಿಕೊಂಡಿದೆ). ಅಜ್ಜಿಯ ತಂಗಿಯೊಬ್ಬರು ಇನ್ನೂ ಇದ್ದಾರೆ, ಮಕ್ಕಳು ಐವರು.

ತೊಡಕು ಏನೆಂದರೆ, ಮೊದಲ ಕರಡಿನಲ್ಲಿ "ಶ್ರಮಜೀವಿ, ಮಮತಾಮಯಿ, ಎಲ್ಲರಿಗೂ ಬೇಕಾದವರು" ಬಿಟ್ಟರೆ ಏನೂ ಇಲ್ಲ. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ. ಇಸವಿಗಳು ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಾಳೆಯಾಗುತ್ತಿಲ್ಲ. ಸಾಲದ್ದಕ್ಕೆ ರೆಕಾರ್ಡಿಂಗಿನಲ್ಲಿ ಕರು ಬಾವಿಗೆ ಬಿದ್ದ ಪ್ರಸಂಗ ಮೂರು ಸಲ ಬರುತ್ತದೆ, ಮೂರೂ ಸಲ ಬೇರೆ ಬೇರೆ ಥರ. ಯಾವುದನ್ನು ಇಟ್ಟುಕೊಳ್ಳುವುದು?

ಬದುವಿನಂಚು

ಗುಣಗಳನ್ನು ಬಿಟ್ಟು ಕೆಲಸ ಹಿಡಿಯಿರಿ. "ಕಷ್ಟಪಟ್ಟರು" ಅನ್ನುವವರನ್ನೆಲ್ಲ "ಯಾವ ಕೆಲಸ, ಯಾವ ಕೈಯಲ್ಲಿ, ಎಲ್ಲಿ ಕೂತು?" ಅಂತ ಕೇಳಿ. ಹಾಲು ಕರೆಯುವುದನ್ನೇ ತಗೊಳ್ಳಿ. ಕರುವನ್ನು ಮೊದಲು ಎಷ್ಟು ಹೊತ್ತು ಬಿಡುತ್ತಿದ್ದರು? ಹಸು ಹಾಲಿಳಿಸಲು ಒಂದು ನಿಮಿಷವಾದರೂ ಬೇಕು, ಅವಸರ ಮಾಡಿದರೆ ಕೆಚ್ಚಲಲ್ಲೇ ಉಳಿಯುತ್ತದೆ. ಇಡೀ ಮುಷ್ಟಿಯಲ್ಲಿ ಹಿಂಡುತ್ತಿದ್ದರೋ, ಹೆಬ್ಬೆರಳು ಮಡಿಸಿ ಒತ್ತುತ್ತಿದ್ದರೋ? ಹೆಬ್ಬೆರಳು ಮಡಿಸುವವರಿಗೆ ಆ ಗೆಣ್ಣಿನ ಮೇಲೆ ಜಡ್ಡು ಕಟ್ಟಿರುತ್ತದೆ, ಹಸುವಿನ ತೊಟ್ಟಿಗೂ ಅದು ಒಳ್ಳೆಯದಲ್ಲ. ಕೊನೆಯ ಹನಿಗಳಲ್ಲೇ ಕೊಬ್ಬು ಹೆಚ್ಚು, ಅದನ್ನು ಬೇರೆ ಪಾತ್ರೆಗೆ ಹಿಂಡುತ್ತಿದ್ದರೇ, ಕರುವಿಗೆ ಬಿಡುತ್ತಿದ್ದರೇ? ಕರುವಿಗೆ ಬಿಡುತ್ತಿದ್ದರು ಅನ್ನುವ ಒಂದು ಸಾಲು ಬಂದರೆ "ಮಮತಾಮಯಿ" ಹೊಡೆದುಹಾಕಬಹುದು.

ಬೀಜದ ವಿಷಯ ತಪ್ಪದೆ ಕೇಳಿ. ಬಹಳ ಹೊಲಮನೆಗಳಲ್ಲಿ ಮುಂದಿನ ವರ್ಷದ ಬೀಜ ಆರಿಸಿ ಇಡುತ್ತಿದ್ದುದು ಹೆಂಗಸರೇ, ಆದರೆ ಬರೆಯುವಾಗ ಅದು ಬಿಟ್ಟುಹೋಗುತ್ತದೆ. ತೆನೆ ಆರಿಸಿದ್ದು ಹೊಲದಲ್ಲಿ ನಿಂತ ಪೈರಿನಿಂದಲೋ ಕಣಕ್ಕೆ ಬಂದ ರಾಶಿಯಿಂದಲೋ? ಒಣಗಿದ್ದು ಹೇಗೆ ಗೊತ್ತಾಗುತ್ತಿತ್ತು? ಹಲ್ಲಲ್ಲಿ ಕಚ್ಚಿದರೆ ಕಟ್ ಅಂತ ಮುರಿಯಬೇಕು, ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಧಾನ್ಯಕ್ಕೆ 12–13% ತೇವ ಅಂತ ಈಗ ಯಂತ್ರ ಹೇಳುವುದನ್ನೇ ಅವರ ಹಲ್ಲು ಹೇಳುತ್ತಿತ್ತು. ಬೂದಿ ಬೆರೆಸುತ್ತಿದ್ದರೇ? ಹುಳು ಬಿದ್ದ ವರ್ಷ ಬಿತ್ತನೆಗೆ ಏನು ಮಾಡಿದರು?

"ನಾಲ್ಕು ಗಂಟೆಗೇ ಏಳುತ್ತಿದ್ದರು" ಅನ್ನುವುದನ್ನು ಹಾಗೇ ಬರೆಯಬೇಡಿ. ಮನೆಯಲ್ಲಿ ಗಡಿಯಾರ ಬಂದದ್ದು ಯಾವಾಗ ಅಂತ ಕೇಳಿ. ಅದಕ್ಕೂ ಹಿಂದೆ ಹೊತ್ತು ತಿಳಿಯುತ್ತಿದ್ದುದು ಕೋಳಿಯಿಂದಲೋ, ಯಾವುದೋ ಚುಕ್ಕಿಯಿಂದಲೋ, ಕೊಟ್ಟಿಗೆಯ ಸದ್ದಿನಿಂದಲೋ ಇರುತ್ತದೆ.

ಲೆಕ್ಕ ಹಾಕಬಲ್ಲದ್ದನ್ನು ಹಾಕಿ. ನೀರು ಹೊತ್ತಿದ್ದರೆ ಬಾವಿಗೂ ಮನೆಗೂ ಎಷ್ಟು ದೂರ ಅಂತ ಉಪಗ್ರಹ ನಕ್ಷೆಯಲ್ಲಿ ಅಳೆಯಬಹುದು. 400 ಮೀಟರ್ ಅನ್ನಿ, 15 ಲೀಟರಿನ ಕೊಡ, ದಿನಕ್ಕೆ 6 ಸಲ. ಒಟ್ಟು 4.8 ಕಿ.ಮೀ. ನಡಿಗೆ, ಅದರಲ್ಲಿ ಅರ್ಧ 15 ಕೆ.ಜಿ. ಹೊರೆಯೊಂದಿಗೆ (ಕೊಡದ ತೂಕ ಬೇರೆ). ಆದರೆ "6 ಸಲ" ಅಂದವರು ಎಷ್ಟು ಜನ? ಒಬ್ಬರೇ ಆದರೆ "ಐದಾರು ಸಲ" ಅಂತಲೇ ಇರಲಿ.

ಫೋಟೊಗಳಲ್ಲಿ ಮುಖ ಬಿಟ್ಟು ಕೈ ನೋಡಿ. ಕುಡುಗೋಲು ಬಲಗೈಯಲ್ಲಿ ಹಿಡಿಯುವವರ ಹಳೇ ಗಾಯ ಸಾಮಾನ್ಯವಾಗಿ ಎಡಗೈಯಲ್ಲಿರುತ್ತದೆ, ಪೈರನ್ನು ಬಾಚಿ ಹಿಡಿಯುವ ಕೈ ಅದು. ಗುರುತು ಬಲಗೈಯಲ್ಲಿದ್ದರೆ ಎಡಚರೇ ಅಂತ ತಂಗಿಯವರನ್ನು ಕೇಳಿ. ಅದಕ್ಕೂ ಮೊದಲು ಸ್ಕ್ಯಾನ್ ಕನ್ನಡಿಯಂತೆ ತಿರುಗಿಲ್ಲ ಅಂತ ಮೂಲ ಫೋಟೊ ಜೊತೆ ಹೋಲಿಸಿಕೊಳ್ಳಿ.

ಟೇಪುರೀಲು

ಬರವಣಿಗೆಗೆ ಮುಂಚೆ ಸಾಮಗ್ರಿ ಉಳಿಸಿಕೊಳ್ಳಿ.

ಕ್ಯಾಸೆಟ್: ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚಿಪ್ಪು ಮುರಿದುಬಿಡಿ, ಆಮೇಲೆ ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಟೇಪಿನ ಹಿಂದೆ ಒತ್ತಿಕೊಂಡಿರುವ ಫೆಲ್ಟಿನ ಮೆತ್ತೆ ಉದುರಿದ್ದರೆ ಸದ್ದು ಮಂಕಾಗುತ್ತದೆ, ಆಗ ಟೇಪು ಕೆಟ್ಟಿದೆ ಅಂದುಕೊಂಡು ಎಸೆಯುವವರೇ ಹೆಚ್ಚು. ಸ್ಕ್ರೂ ಇರುವ ಡಬ್ಬಿಯಾದರೆ ಸುರುಳಿಯನ್ನು ಇನ್ನೊಂದು ಒಳ್ಳೇ ಡಬ್ಬಿಗೆ ಸಾಗಿಸಬಹುದು. ಮೊದಲು ಬೇರೆ ಯಾವುದಾದರೂ ಕ್ಯಾಸೆಟ್ ಹಾಕಿ ಪ್ಲೇಯರ್ ಟೇಪು ತಿನ್ನುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ನಿಮ್ಮದನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ. ಸ್ಪೀಕರಿನ ಮುಂದೆ ಫೋನ್ ಹಿಡಿಯಬೇಡಿ. ಪ್ಲೇಯರಿನ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿಗೆ ಕೇಬಲ್ ಹಾಕಿ, 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಅಂತ ಇಟ್ಟು ವೇವ್ (ಹಿಂಡದ ಧ್ವನಿಯ) ಫೈಲಾಗಿ ರೆಕಾರ್ಡ್ ಮಾಡಿ. ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ, ಸಿ-90 ಎರಡೂ ಬದಿ ಸೇರಿ 780 ಎಂಬಿ.

ಫೋನಿನ ರೆಕಾರ್ಡಿಂಗ್: ಮೂಲ ಫೈಲನ್ನೇ ಕೇಬಲ್ ಹಾಕಿ ನಕಲು ಮಾಡಿ. ಮೆಸೇಜಿನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಹಿಂಡಿಹೋಗುವ ಸಾಧ್ಯತೆ ಇದೆ. ಗದ್ದಲ ತೆಗೆಯುವ ಕೆಲಸ ನಕಲಿನ ಮೇಲೆ ಮಾತ್ರ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ.

ಗಾಜಿಗೆ ಅಂಟಿದ ಫೋಟೊ ಎಳೆಯಲೇಬೇಡಿ, ಮುಖದ ಪದರವೇ ಗಾಜಿನ ಜೊತೆ ಬರುತ್ತದೆ. ಗಾಜಿನ ಹೊರಮೈ ಒರೆಸಿ ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಅಂಗೈ ಗಾತ್ರದ ಹಳೇ ಫೋಟೊಗಳಿಗೆ 600 ಡಿಪಿಐ ಸಾಕು, ಸ್ಟ್ಯಾಂಪ್ ಗಾತ್ರದವಕ್ಕೆ 1200. ಹಿಂಬದಿಯಲ್ಲಿ ಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಹೊಸದಾಗಿ ಹೆಸರು ಬರೆಯುವುದಾದರೆ ಮೆತ್ತನೆ ಪೆನ್ಸಿಲ್, ಅಂಚಿನಲ್ಲಿ, ಒತ್ತದೆ. ಬಾಲ್ ಪೆನ್ನಿನ ಗೆರೆ ಮುಂದಿನ ಬದಿಗೆ ಉಬ್ಬಿ ಕಾಣುತ್ತದೆ.

ಮಾತನ್ನು ಬರಹಕ್ಕಿಳಿಸಲು ಗಂಟೆಗೆ 4–6 ಗಂಟೆ ಹಿಡಿಯುತ್ತದೆ, ಹಲ್ಲಿಲ್ಲದ ಬಾಯಿಯ ಮಾತಾದರೆ ಇನ್ನೂ ಹೆಚ್ಚು. ಆದಷ್ಟೂ ಅವರ ಉಚ್ಚಾರಣೆಯಲ್ಲೇ ಬರೆಯಿರಿ, ಗ್ರಂಥದ ಭಾಷೆಗೆ ತಿದ್ದಬೇಡಿ.

ಹಳೇಟ್ರಂಕು

ಇಬ್ಬರಿಗೂ ಧನ್ಯವಾದ. ಕ್ಯಾಸೆಟ್ಟಿನ ಮೆತ್ತೆ ನಿಜಕ್ಕೂ ಉದುರಿದೆ! ಇನ್ನೊಂದು ಪ್ರಶ್ನೆ: ತಂಗಿಯವರಿಗೆ ಕಿವಿ ಮಂದ, 20 ನಿಮಿಷಕ್ಕೇ ಸುಸ್ತಾಗುತ್ತಾರೆ. ಅಜ್ಜಿಯ ಬಾಲ್ಯ ಕಂಡವರು ಅವರೊಬ್ಬರೇ ಉಳಿದಿರುವುದು.

ತಾರೀಕುಪಟ್ಟಿ

ನಾನು ಇಸವಿಗಳ ಬಗ್ಗೆ ಹೇಳುತ್ತೇನೆ.

ಗುರುತಿನ ಚೀಟಿಯಲ್ಲಿ ಹುಟ್ಟಿದ ದಿನ ಜನವರಿ 1 ಅಂತಲೋ ಇನ್ಯಾವುದೋ ತಿಂಗಳ 1 ಅಂತಲೋ ಇದ್ದರೆ ಯಾರೋ ಅಂದಾಜಿಗೆ ಹಾಕಿದ್ದಿರಬಹುದು. ಬಾಯಿಮಾತಿನ ವಯಸ್ಸಿನ ಕೊನೆಯ ಅಂಕಿ 0 ಅಥವಾ 5ಕ್ಕೆ ಬಂದು ನಿಲ್ಲುವುದೂ ಎಲ್ಲ ಕಡೆ ಇರುವಂಥದ್ದೇ. ಜನಗಣತಿಯವರಿಗೆ ಇದನ್ನು ಅಳೆಯಲು ವಿಪ್ಪಲ್ ಸೂಚ್ಯಂಕ ಅಂತ ಒಂದು ಅಳತೆಯೇ ಇದೆ: 100 ಬಂದರೆ ಅಂಥ ಗುಂಪುಗೂಡುವಿಕೆ ಇಲ್ಲ, 500 ಬಂದರೆ ಎಲ್ಲರೂ 0 ಅಥವಾ 5ರಲ್ಲೇ ಹೇಳಿದ್ದಾರೆ ಅಂತ. ಆದ್ದರಿಂದ "ಮದುವೆ ಹೊತ್ತಿಗೆ 15" ಅನ್ನುವುದು 13ರಿಂದ 17ರವರೆಗೆ ಯಾವುದೂ ಇರಬಹುದು.

ಲೆಕ್ಕವನ್ನು ಗಟ್ಟಿ ದಾಖಲೆ ಇರುವ ಕಡೆಯಿಂದ ಹಿಂದಕ್ಕೆ ಹಾಕಿ. ಮಕ್ಕಳ ಪೈಕಿ ಯಾರ ಜನನ ನೋಂದಣಿ ಇದೆಯೋ ಅದು ಗೂಟ. "ಇವನು ಹುಟ್ಟಿದಾಗ ಮನೆಗೆ ಬಂದು ಎಷ್ಟು ಬೇಸಗೆ ಆಗಿತ್ತು?" ಅಂತ ಕೇಳಿದರೆ ಇಸವಿ ಕೇಳಿದ್ದಕ್ಕಿಂತ ಸರಿಯಾದ ಉತ್ತರ ಬರುತ್ತದೆ. ಜೊತೆಗೆ ಆ ಸೀಮೆಯಲ್ಲಿ ತಾರೀಕು ಗೊತ್ತಿರುವ ಬರ, ನೆರೆ, ಚುನಾವಣೆ, ವಿದ್ಯುತ್ ಬಂದ ವರ್ಷ ಇವನ್ನೆಲ್ಲ ಒಂದು ಉದ್ದ ಹಾಳೆಯಲ್ಲಿ ಬರೆದು, ಪ್ರತಿ ನೆನಪೂ ಅದರ ಹಿಂದೋ ಮುಂದೋ ಅಂತ ಕೇಳಿ. ಆಮೇಲೂ ತಾಳೆಯಾಗದಿದ್ದರೆ "ಸುಮಾರು" ಅಂತ ಬರೆಯಲು ನಾಚಿಕೆ ಬೇಡ.

ಮಕ್ಕಳ ನಡುವೆ ಎಲ್ಲೋ ಒಂದು ಕಡೆ 5–6 ವರ್ಷದ ಅಂತರ ಕಂಡರೆ ಅಲ್ಲಿ ಉಳಿಯದೇ ಹೋದ ಕೂಸೊಂದು ಇರಬಹುದು. ಇದನ್ನು ತಂಗಿಯವರೊಬ್ಬರೇ ಇರುವಾಗ ಕೇಳಿ. ಗೊತ್ತಾದ ಮಾತ್ರಕ್ಕೆ ಪುಸ್ತಿಕೆಗೆ ಹಾಕಬೇಕು ಅಂತೇನಿಲ್ಲ, ಮಕ್ಕಳೆಲ್ಲ ಒಪ್ಪಲಿ.

ಇನ್ನು ಬಾವಿಯ ಕರು. ಇದ್ದುದರಲ್ಲಿ ನಿಮ್ಮ ಅತ್ಯುತ್ತಮ ಸಾಮಗ್ರಿ ಅದು, ತೊಡಕಲ್ಲ. ವಯಸ್ಸಾದವರಿಗೆ ಸುಮಾರು 10ರಿಂದ 30ರ ನಡುವಿನ ನೆನಪೇ ಹೆಚ್ಚು ದಟ್ಟ. ಮುಪ್ಪಿನಲ್ಲಿ ಹಿಂದಿನದನ್ನೇ ಮತ್ತೆ ಮತ್ತೆ ಹೇಳುವುದು ಅರಳುಮರಳಲ್ಲ, ಬದುಕನ್ನು ತಿರುಗಿ ನೋಡುವ ಸಹಜ ಕ್ರಿಯೆ ಅಂತ ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯ 1963ರಲ್ಲೇ ಬರೆದಿದ್ದಾರೆ. ಮೂರು ನಿರೂಪಣೆಯನ್ನೂ ಮೂರು ಕಾಲಮ್ಮಿನಲ್ಲಿ ಅಕ್ಕಪಕ್ಕ ಬರೆಯಿರಿ: ಕೇಳುತ್ತಿದ್ದವರು ಯಾರು, ಹಗ್ಗ ತಂದವರು ಯಾರು, ಬಾವಿ ಎಷ್ಟು ಆಳ, ಯಾರು ಬೈದರು, ಎಲ್ಲಿಗೆ ಮುಗಿಸಿದರು. ಆಳದ ಅಳತೆ ಕೇಳುಗರ ಮೇಲೆ ಹಿಗ್ಗಿ ಕುಗ್ಗುತ್ತದೆ, ಮೊಮ್ಮಕ್ಕಳ ಮುಂದೆ ಬಾವಿ ಯಾವಾಗಲೂ ಆಳವೇ. ಮೂರರಲ್ಲೂ ಕದಲದೆ ಉಳಿದದ್ದನ್ನು ಪಠ್ಯದಲ್ಲಿ ಇಡಿ. ಮುಕ್ತಾಯ ಮೂರು ಥರ ಇದ್ದರೆ ಮೂರನ್ನೂ ಕೊಡಿ. ಮೂರನ್ನೂ ಬೆರೆಸಿ ನಾಲ್ಕನೆಯದೊಂದು ಕಟ್ಟಿದರೆ ಅದು ಅಜ್ಜಿ ಹೇಳಿದ್ದಲ್ಲ, ನೀವು ಹೇಳಿದ್ದು.

ಕರಡುತಿದ್ದಿ

ತಂಗಿಯವರ ಬಗ್ಗೆ: 20 ನಿಮಿಷ ಧಾರಾಳ ಸಾಕು, ನಾಲ್ಕು ದಿನ ಹೋಗಿ. ಬೆಳಗಿನ ಹೊತ್ತು, ಫ್ಯಾನ್ ಟಿವಿ ಆರಿಸಿ, ನಿಮ್ಮ ಮುಖಕ್ಕೆ ಬೆಳಕು ಬೀಳುವಂತೆ ಎದುರು ಕೂತು ಮಾತಾಡಿ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಕೀಚು ಸ್ವರ. ಕೂಗಿದರೆ ಸ್ವರ ಇನ್ನಷ್ಟು ಮೇಲೇರುತ್ತದೆ, ಅದರಿಂದ ತಗ್ಗಿದ ದನಿಯಲ್ಲಿ ನಿಧಾನವಾಗಿ ಕೇಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ. ಎರಡನೇ ಮಾತು ಬರುವುದು ಆ ಮೌನದಲ್ಲೇ, ನಾವು ಬಾಯಿ ಹಾಕಿ ಅದನ್ನು ಕೆಡಿಸುತ್ತೇವೆ. ಮೊದಲ ದಿನ ದೊಡ್ಡ ಹಾಳೆ, ದಪ್ಪ ಪೆನ್ನು ಕೊಟ್ಟು ಹುಟ್ಟಿದ ಮನೆಯ ನಕ್ಷೆ ಬರೆಸಿ: ಬಾಗಿಲು ಯಾವ ಕಡೆ, ಕೊಟ್ಟಿಗೆ ಎಲ್ಲಿ, ಯಾರು ಎಲ್ಲಿ ಮಲಗುತ್ತಿದ್ದರು, ಬಾವಿಗೆ ದಾರಿ ಯಾವುದು. ಮಾತಿನಲ್ಲಿ ಬಾರದ್ದು ಗೆರೆಯಲ್ಲಿ ಬರುತ್ತದೆ, ಆ ನಕ್ಷೆಯೇ ಪುಸ್ತಿಕೆಗೆ ಒಂದು ಪುಟ. ಎರಡನೇ ದಿನ ಕೈಗೆ ವಸ್ತು ಕೊಡಿ, ಹಳೇ ಕುಡುಗೋಲೋ ಮೊರವೋ. ಹಿಡಿಯುವ ರೀತಿಯನ್ನು ವಿಡಿಯೊ ಮಾಡಿಕೊಳ್ಳಿ.

ಉಚ್ಚಾರಣೆಯ ವಿಷಯದಲ್ಲಿ ಟೇಪುರೀಲು ಅವರ ಮಾತು ಪೂರ್ತಿ ಒಪ್ಪಲಾರೆ. ಪದ, ವಾಕ್ಯದ ಓಟ, ಬೈಗುಳ ಹಾಗೇ ಇರಲಿ. ಆದರೆ ಪ್ರತಿ ಅಕ್ಷರವನ್ನೂ ಬಾಯಿಯಿಂದ ಬಿದ್ದಂತೆ ಬರೆದರೆ ಓದುವವರಿಗೆ ತಮಾಷೆಯಾಗಿ ಕಾಣುತ್ತದೆ. ಓದು ಬಲ್ಲ ಮಗನ ಮಾತು ತಿದ್ದಿದ ಕನ್ನಡದಲ್ಲಿ, ತಾಯಿಯ ಮಾತು ಮಾತ್ರ ಮುರಿದ ಅಕ್ಷರದಲ್ಲಿ ಅಂತಾದರೆ ಅದು ಅನ್ಯಾಯವೇ.

12 ಪುಟ ಹಂಚುವಾಗ ಒಂದು ಎಚ್ಚರ. ತಂಗಿ ಕಂಡದ್ದು ಹುಡುಗಿಯನ್ನು, ಮಕ್ಕಳು ಕಂಡದ್ದು ದುಡಿಯುವ ಹೆಂಗಸನ್ನು, ಮೊಮ್ಮಕ್ಕಳು ಕಂಡದ್ದು ಜಗಲಿಯಲ್ಲಿ ಕೂತ ಮುದುಕಿಯನ್ನು. ಬರೆಯುವವರು ಮೊಮ್ಮಕ್ಕಳಾದರೆ 70 ದಾಟಿದ ಮೇಲಿನದೇ 8 ಪುಟ ತಿಂದುಬಿಡುತ್ತದೆ. 20ರವರೆಗೆ 4 ಪುಟ, 60ರವರೆಗೆ 5, ಆಮೇಲಿನದಕ್ಕೆ 2, ಇಸವಿಗಳ ಪಟ್ಟಿಗೂ ವಂಶವೃಕ್ಷಕ್ಕೂ ಕೊನೆಯ 1. ನಕ್ಷೆಯ ಪುಟ ಮೊದಲ ನಾಲ್ಕರಲ್ಲೇ ಬರಲಿ. "ಇಂಥ ಇಸವಿಯಲ್ಲಿ ಜನಿಸಿದರು" ಅಂತ ಶುರು ಮಾಡಬೇಡಿ, ಒಂದು ಕೆಲಸದ ನಡುವೆ ಶುರು ಮಾಡಿ.

5 ನಿಮಿಷದ ಓದಿಗೆ 4 ನಿಮಿಷದಷ್ಟೇ ಬರೆಯಿರಿ, ಗಡಿಯಾರ ಇಟ್ಟು ಗಟ್ಟಿಯಾಗಿ ಓದಿ ನೋಡಿ. ಉಳಿದ ಒಂದು ನಿಮಿಷ ಗಂಟಲು ಕಟ್ಟುವುದಕ್ಕೆ ಬೇಕು. ದೊಡ್ಡ ಅಕ್ಷರ, ಹಾಳೆಯ ಒಂದೇ ಬದಿ, ಪುಟಸಂಖ್ಯೆ ದಪ್ಪಗೆ. ಇನ್ನೊಂದು ಪ್ರತಿ ಪಕ್ಕದಲ್ಲಿ ಕೂತವರ ಕೈಲಿರಲಿ.

ಟೇಪುರೀಲು

ಮುರಿದ ಅಕ್ಷರದ ಮಾತು ಸರಿ, ಒಪ್ಪಿದೆ. ಹಾಗಾದರೆ ಪುಸ್ತಿಕೆಗೆ ತಿದ್ದಿದ ಪ್ರತಿ ಬೇರೆ, ಇದ್ದದ್ದು ಇದ್ದ ಹಾಗೆ ಬರೆದ ಪ್ರತಿ ಬೇರೆ ಇಡಿ, ಎರಡಕ್ಕೂ ಎರಡೆರಡು ನಿಮಿಷಕ್ಕೊಮ್ಮೆ ಧ್ವನಿಯ ಹೊತ್ತು (ರೆಕಾರ್ಡಿಂಗಿನ ಎಷ್ಟನೇ ನಿಮಿಷ ಅಂತ) ನಮೂದಿಸಿ. ಮತ್ತೆ ಆ ಕ್ಯಾಸೆಟ್ಟಿನ ಮೆತ್ತೆ: ಡಬ್ಬಿ ಬದಲಾಯಿಸುವಾಗ ಸುರುಳಿ ಇದ್ದ ಸ್ಥಿತಿಯ ಒಂದು ಫೋಟೊ ಮೊದಲೇ ತೆಗೆದುಕೊಳ್ಳಿ. ಟೇಪು ಮಗುಚಿ ಕೂತರೆ ಮಾತು ಮಂಕಾಗಿ ಹಿಂದುಮುಂದಾಗಿ ಕೇಳುತ್ತದೆ.