ಆಟದ ಪಾತ್ರ ಪಂಚೆ ಉಡುತ್ತದೋ, ತೊಡುತ್ತದೋ?

ಎಲ್ಲರಿಗೂ ನಮಸ್ಕಾರ. ಒಂದು ಕ್ರಿಯಾಪದದ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಬೆಂಗಳೂರಿನಲ್ಲಿ ನಾವು ಕೆಲವು ಗೆಳೆಯರು ಜಿಟಿಎ 5 ಅನ್ನುವ ವಿಡಿಯೋ ಗೇಮ್ ಆಡಲು ಫೈವ್‌ಎಂನಲ್ಲಿ (ಆ ಆಟವನ್ನು ನಮ್ಮದೇ ಸರ್ವರಿನಲ್ಲಿ, ನಮಗೆ ಬೇಕಾದ ಹಾಗೆ ಬದಲಿಸಿ ಆಡಲು ಬಿಡುವ ತಂತ್ರಾಂಶ) ಒಂದು ಸರ್ವರ್ ನಡೆಸುತ್ತೇವೆ. ಮೆನು ಕನ್ನಡದಲ್ಲೇ ಇದೆ. ನವೆಂಬರ್ 1ಕ್ಕೆ ಎಲ್ಲರ ಪಾತ್ರಕ್ಕೂ ಪಂಚೆ, ಶಲ್ಯ, ಮೈಸೂರು ಪೇಟ ಸಿಗಲಿ ಅಂತ ಹೊಸ ಬಟ್ಟೆ ಸೇರಿಸುತ್ತಿದ್ದೇವೆ. ಬಟ್ಟೆಯ ಆಕಾರ ವೈಡಿಡಿ ಫೈಲಿನಲ್ಲಿ, ಬಣ್ಣ ಮತ್ತು ಅಂಚು ವೈಟಿಡಿ ಫೈಲಿನಲ್ಲಿ ಇರುತ್ತವೆ. ಆ ಕೆಲಸ ಮುಗಿಯಿತು. ಪಾತ್ರಕ್ಕೆ ಬಟ್ಟೆ ಹಾಕಿಸುವ ಬಟನ್ ಮೇಲೆ ಏನು ಬರೆಯಬೇಕು ಅನ್ನುವುದೇ ಬಗೆಹರಿದಿಲ್ಲ.

ಇಂಗ್ಲಿಷಿನಲ್ಲಿ ‘ವೇರ್’ ಅಂತ ಒಂದೇ ಬಟನ್ ಸಾಕು. ನಮ್ಮಲ್ಲಿ ಹಾಗಲ್ಲ. ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ರುಮಾಲು ಸುತ್ತುತ್ತೇವೆ, ಹೂವು ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ‘ಹಾಕಿಕೊ’ ಅಂದರೆ ಎಲ್ಲಕ್ಕೂ ನಡೆಯುತ್ತದೆ, ನಿಜ. ಆದರೆ ಇಷ್ಟು ಪದಗಳಿರುವಾಗ ಸುಮ್ನೆ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಆಡುವವರಲ್ಲಿ ಜಾಸ್ತಿ ಜನ ಕಾಲೇಜು ಹುಡುಗರು. ‘ಮೆಟ್ಟು’ ಅನ್ನುವುದನ್ನು ಅವರು ಇಲ್ಲೇ ಮೊದಲ ಸಲ ಓದಿದರೂ ನನಗೆ ಸಂತೋಷ.

ಮೊದಲು, ಜಾಗಕ್ಕೊಂದು ಪದ ಇಡೋಣ ಅಂದುಕೊಂಡೆವು. ಆಟದಲ್ಲಿ ಪಾತ್ರದ ಮೈಗೆ 0ಯಿಂದ 11ರವರೆಗೆ 12 ಜಾಗಗಳಿವೆ. 4 ಕಾಲಿನದು, 6 ಪಾದದ್ದು, 11 ಮೇಲಂಗಿಯದು. ಟೋಪಿ, ಕನ್ನಡಕ, ವಾಚು ಬೇರೆ ಪಟ್ಟಿಯಲ್ಲಿವೆ. ಆದರೆ 4ನೇ ಜಾಗಕ್ಕೆ ಪ್ಯಾಂಟೂ ಬರುತ್ತದೆ, ಪಂಚೆಯೂ ಬರುತ್ತದೆ. ಒಂದನ್ನು ತೊಡಬೇಕು, ಇನ್ನೊಂದನ್ನು ಉಡಬೇಕು. ಹಾಗಾಗಿ ಒಂದೊಂದು ಬಟ್ಟೆಗೂ ಅದರದೇ ಪದ ಕೊಡುತ್ತಿದ್ದೇವೆ.

ಇಲ್ಲಿ ಗೆಳೆಯರೊಬ್ಬರು ಒಳ್ಳೆಯ ಮಾತು ಎತ್ತಿದರು. ‘ಆಟದ ಪಂಚೆಯನ್ನು ಯಾರೂ ಸುತ್ತಿ ಕಟ್ಟುವುದಿಲ್ಲ. ಅದು ಪ್ಯಾಂಟಿನ ಹಾಗೆ ಮೊದಲೇ ಆಕಾರ ಕೊಟ್ಟು ಕಾಲಿಗೆ ಕೂರಿಸಿದ ಬಟ್ಟೆ. ಉಡುವುದು ಅಂದರೆ ಸುತ್ತಿಕೊಳ್ಳುವುದು ಅಲ್ವಾ? ಇದಕ್ಕೆ ತೊಡು ಅನ್ನುವುದೇ ಸರಿ’ ಅಂದರು.

ಅವರ ಮಾತಿಗೆ ಪೇಟವೇ ಸಾಕ್ಷಿ. ಪೇಟವನ್ನು ಹಿಂದೆ ತಲೆಗೆ ಸುತ್ತುತ್ತಿದ್ದರು. ಈಗ ಅಂಗಡಿಯಲ್ಲಿ ಸುತ್ತಿಟ್ಟದ್ದೇ ಸಿಗುತ್ತದೆ. ಸನ್ಮಾನದ ಸುದ್ದಿ ಓದಿ ನೋಡಿ: ‘ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ’ ಅಂತಲೇ ಇರುತ್ತದೆ. ಸುತ್ತುವುದು ಹೋಯಿತು, ಪದವೂ ಬದಲಾಯಿತು. ಶಾಲನ್ನು ಇವತ್ತಿಗೂ ಹೊದಿಸುತ್ತಾರೆ, ಆ ಪದ ಉಳಿಯಿತು.

ಪಂಚೆಯ ವಿಷಯದಲ್ಲಿ ಮಾತ್ರ ನನ್ನ ಕಿವಿ ಒಪ್ಪುತ್ತಿಲ್ಲ. ಸೊಂಟದಲ್ಲಿ ಅಂಟಿಸಿಕೊಳ್ಳುವ ಪಂಚೆ ಬಂದಿದೆ, ನೆರಿಗೆ ಹಿಡಿದು ಹೊಲಿದಿಟ್ಟ ಸೀರೆಯೂ ಬಂದಿದೆ. ನಮ್ಮ ಮನೆಯಲ್ಲಿ ಅದಕ್ಕೂ ‘ಉಟ್ಕೊ’ ಅಂತಲೇ ಅನ್ನುತ್ತಾರೆ. ‘ಸೀರೆ ತೊಟ್ಟಳು’ ಅಂದರೆ ನನಗೆ ಹೊರಗಿನವರ ಕನ್ನಡದ ಹಾಗೆ ಕೇಳಿಸುತ್ತದೆ. ಆದ್ದರಿಂದ ಸದ್ಯಕ್ಕೆ ಪಂಚೆಗೆ ‘ಉಡು’, ಪೇಟಕ್ಕೆ ‘ತೊಡು’, ಶಲ್ಯಕ್ಕೆ ‘ಹೊದೆ’ ಅಂತ ಇಟ್ಟಿದ್ದೇನೆ. ತೆಗೆಯುವ ಬಟನ್‌ಗೆ ‘ಕಳಚು’ ಎಲ್ಲಕ್ಕೂ ಒಗ್ಗಿತು.

ನಿಮ್ಮ ಊರಿನಲ್ಲಿ ಹೊಲಿದಿಟ್ಟ ಸೀರೆಗೆ, ಅಂಟಿಸುವ ಪಂಚೆಗೆ ಏನನ್ನುತ್ತಾರೆ? ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಿ. ಶಲ್ಯವನ್ನು ಹೆಗಲ ಮೇಲೆ ಸುಮ್ನೆ ಇಳಿಬಿಟ್ಟರೂ ‘ಹೊದೆ’ ಅನ್ನಬಹುದೇ, ಅಥವಾ ಅದಕ್ಕೆ ಬೇರೆ ಪದ ಇದೆಯೇ?