ಶುಗರ್, ಕಿಡ್ನಿ, ವಸಡು ಮೂರೂ ಕೂಡಿದ 11 ವರ್ಷದ ಬೆಕ್ಕು: ಇನ್ಸುಲಿನ್ ಶುರು ಮಾಡುವ ಮುಂಚೆ ಏನೇನು ನೋಡಬೇಕು?

ಕರಾವಳಿ_ಕರಿಯ (ಪ್ರಶ್ನೆ)

ನಮಸ್ಕಾರ. ಬೆಕ್ಕು ಕರಿಯ, 11 ವರ್ಷ, ಆಪರೇಷನ್ ಆದ ಗಂಡು. ತೂಕ 6.2 ಕೆಜಿ, ಹೋದ ವರ್ಷ 7 ಇತ್ತು. ನಿನ್ನೆಯ ರಿಪೋರ್ಟು ಹೀಗಿದೆ: ರಕ್ತದ ಸಕ್ಕರೆ 412, ಫ್ರಕ್ಟೋಸಮಿನ್ (ಕಳೆದ ಕೆಲವು ವಾರಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಜಾಸ್ತಿ, ಮೂತ್ರದಲ್ಲಿ ಸಕ್ಕರೆ ಮೂರು ಪ್ಲಸ್, ಕೀಟೋನ್ (ಇನ್ಸುಲಿನ್ ಸಾಲದೆ ಮೈಯ ಕೊಬ್ಬು ಕರಗಿದಾಗ ಬರುವ ಆಮ್ಲ) ಇಲ್ಲ. ಕ್ರಿಯಾಟಿನಿನ್ 2.4, ಕಿಡ್ನಿ ಎರಡನೇ ಹಂತ ಅಂದಿದ್ದಾರೆ. ಪೊಟ್ಯಾಸಿಯಂ 3.6. ವಸಡು ಕೆಂಪಗೆ ಊದಿಕೊಂಡಿದೆ. ಅದಕ್ಕೆ ಕಳೆದ ಆರು ತಿಂಗಳಲ್ಲಿ ಮೂರು ಸಲ ದೀರ್ಘಾವಧಿಯ ಸ್ಟಿರಾಯ್ಡ್ ಇಂಜೆಕ್ಷನ್ ಆಗಿದೆ, ಕೊನೆಯದು ಮೂರು ವಾರದ ಹಿಂದೆ. ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯುತ್ತಾನೆ.

ಊಟ ಬೆಳಿಗ್ಗೆ ರಾತ್ರಿ ಬೂತಾಯಿ-ಅನ್ನ, ನಡುವೆ ಕಿಡ್ನಿಗೆ ಅಂತ ಕೊಟ್ಟ ಒಣ ಕಾಳು (ಪ್ಯಾಕೆಟ್ಟಿನ ಒಣ ಕ್ಯಾಟ್ ಫುಡ್). ವಾರಕ್ಕೊಮ್ಮೆ ಚರ್ಮದಡಿ 100 ಮಿಲಿ ಡ್ರಿಪ್ ಹಾಕುತ್ತಾರೆ.

ಗ್ಲಾರ್ಜಿನ್ ಇನ್ಸುಲಿನ್ 1 ಯೂನಿಟ್, ದಿನಕ್ಕೆರಡು ಸಲ ಅಂತ ಚೀಟಿ ಬರೆದುಕೊಟ್ಟಿದ್ದಾರೆ. ಮೆಡಿಕಲ್‌ನಲ್ಲಿ 100ರ ಕಾರ್ಟ್ರಿಡ್ಜ್ ಮತ್ತು ಕೆಂಪು ಮುಚ್ಚಳದ ಸಿರಿಂಜ್ ಸಿಕ್ಕಿತು. ಇವತ್ತು ರಾತ್ರಿ 8ಕ್ಕೆ ಮೊದಲ ಸೂಜಿ. ಊಟ ಯಾವುದು ಕೊಡಲಿ? ಶುಗರಿಗೂ ಕಿಡ್ನಿಗೂ ಬೇರೆ ಬೇರೆ ಪಥ್ಯ ಹೇಳುತ್ತಾರೆ. ಮಾತ್ರೆಯಲ್ಲೇ ಆಗುವುದಿಲ್ಲವೇ? ಮನುಷ್ಯರ ಗ್ಲುಕೋಮೀಟರ್ ನಡೆಯುತ್ತದೆಯೇ?

ಔಷಧಿ_ಕಪಾಟು

ಉಳಿದದ್ದೆಲ್ಲ ಆಮೇಲೆ, ಮೊದಲು ಸಿರಿಂಜ್. ಆ ಕೆಂಪು ಮುಚ್ಚಳದ್ದನ್ನು ಇವತ್ತು ಬಳಸಬೇಡಿ.

ನಮ್ಮಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಬರುತ್ತದೆ, ಮಿಲಿಗೆ 40 ಯೂನಿಟ್ ಮತ್ತು ಮಿಲಿಗೆ 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. ಕೆಂಪು ಸಿರಿಂಜಿನಲ್ಲಿ "1" ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಒಂದು ಮಿಲಿಯ ನಲವತ್ತನೇ ಒಂದು ಭಾಗ. ನಿಮ್ಮ ಕಾರ್ಟ್ರಿಡ್ಜಿನ ಅಷ್ಟು ದ್ರವದಲ್ಲಿ 2.5 ಯೂನಿಟ್ ಇರುತ್ತದೆ. ಅಂದರೆ ಬರೆದ ಡೋಸಿನ ಎರಡೂವರೆ ಪಟ್ಟು, ಅದೂ ಕಿಡ್ನಿ ಸೊರಗಿದ ಬೆಕ್ಕಿಗೆ. ಅಂಗಡಿಗೆ ಹೋಗಿ "100ರ ಸಿರಿಂಜ್, 0.3 ಮಿಲಿಯದು, ಅರ್ಧ ಯೂನಿಟ್ ಗೆರೆ ಇರುವುದು" ಅಂತ ಕೇಳಿ. ಡೋಸು ಅರ್ಧಕ್ಕೆ ಇಳಿಯುವ ದಿನ ಬಂದೇ ಬರುತ್ತದೆ, ಆಗ ಅರ್ಧ ಗೆರೆ ಬೇಕಾಗುತ್ತದೆ. ಗ್ಲಾರ್ಜಿನ್‌ಗೆ ನೀರು, ಸಲೈನ್ ಬೆರೆಸಿ ತೆಳು ಮಾಡುವ ಹಾಗಿಲ್ಲ. ಅದರ ಆಮ್ಲಗುಣ ಕೆಟ್ಟರೆ ನಿಧಾನವಾಗಿ ಕರಗುವ ಗುಣವೇ ಹೋಗುತ್ತದೆ.

ಕಾರ್ಟ್ರಿಡ್ಜಿನ ರಬ್ಬರಿಗೆ ಸೂಜಿ ಚುಚ್ಚಿ ಎಳೆದುಕೊಳ್ಳಿ, ಒಳಗೆ ಗಾಳಿ ತಳ್ಳಬೇಡಿ, ಕುಲುಕಬೇಡಿ. ಸಿರಿಂಜಿನಲ್ಲಿ ಎಳೆದ ಕಾರ್ಟ್ರಿಡ್ಜನ್ನು ಮತ್ತೆ ಇನ್ಸುಲಿನ್ ಪೆನ್ನಿಗೆ ಹಾಕಬೇಡಿ. ಗ್ಲಾರ್ಜಿನ್ ನೀರಿನಷ್ಟು ತಿಳಿಯಾಗಿರಬೇಕು. ಮಬ್ಬಾದರೆ, ಎಳೆ ಎಳೆ ಕಂಡರೆ ಬಿಸಾಡಿ. ಫ್ರಿಜ್ಜಿನ ನಡುವಿನ ಅರೆಯಲ್ಲಿಡಿ. ಐಸ್ ಪೆಟ್ಟಿಗೆಗೆ ತಾಗಿ ಒಮ್ಮೆ ಗಟ್ಟಿಯಾದ ಇನ್ಸುಲಿನ್ ಕರಗಿದ ಮೇಲೂ ಪ್ರಯೋಜನಕ್ಕಿಲ್ಲ. ನಾಲ್ಕೈದು ಗಂಟೆ ಕರೆಂಟ್ ಹೋದರೆ ಚಿಂತೆ ಬೇಡ. ಬೇಸಿಗೆಯಲ್ಲಿ ದಿನಗಟ್ಟಲೆ ಹೋದರೆ ಡಬ್ಬಿಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ಇಡಿ.

ಪಶುವೈದ್ಯೆ_ಮಲೆನಾಡು

ಸಿರಿಂಜ್ ವಿಷಯ ಮೇಲಿನವರು ಹೇಳಿದ್ದು ಅಕ್ಷರಶಃ ಸರಿ. 1 ಯೂನಿಟ್ ಎರಡು ಹೊತ್ತು ಅನ್ನುವುದು ಈ ತೂಕಕ್ಕೆ ಎಚ್ಚರಿಕೆಯ, ಒಳ್ಳೆಯ ಆರಂಭ.

ಕರಿಯನ ಲೆಕ್ಕದಲ್ಲಿ ನನಗೆ ಕಾಣುವ ದೊಡ್ಡ ಅಪಾಯ ಬೇರೆ. ಮುಂದಿನ ಎರಡು ಮೂರು ವಾರದಲ್ಲಿ ಅವನ ಸಕ್ಕರೆಯನ್ನು ಮೂರು ಕೈಗಳು ಒಟ್ಟಿಗೆ ಕೆಳಗೆ ಎಳೆಯುತ್ತವೆ. ಇನ್ಸುಲಿನ್ ಒಂದು. ಅನ್ನ ಮತ್ತು ಒಣ ಕಾಳು ಬಿಡಿಸಿದರೆ ಅದು ಎರಡನೆಯದು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ಸ್ಟಿರಾಯ್ಡ್ ಇಂಜೆಕ್ಷನ್ನಿನ ಪ್ರಭಾವ ಇಳಿಯುವುದು. ಸ್ಟಿರಾಯ್ಡ್ ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತದೆ. ದೀರ್ಘಾವಧಿಯ ಇಂಜೆಕ್ಷನ್ ಮೂರರಿಂದ ಆರು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಕೆಲಸ ಮಾಡುತ್ತದೆ. ನಿಮ್ಮದು ಮೂರನೇ ವಾರದಲ್ಲಿದೆ. ಈ ವಾರ 1 ಯೂನಿಟ್ ಸಾಲದೆ ಹೋದರೂ ಹೋಗಬಹುದು, ಹದಿನೈದು ದಿನ ಬಿಟ್ಟು ಅದೇ 1 ಯೂನಿಟ್ ಹೆಚ್ಚಾಗಬಹುದು. ಆದ್ದರಿಂದ ಮೊದಲ ವಾರದಲ್ಲಿ ಸಕ್ಕರೆ 350 ಇದ್ದರೂ ಡೋಸು ಏರಿಸಬೇಡಿ. ಒಂದೆರಡು ವಾರ ಸಕ್ಕರೆ ಜಾಸ್ತಿ ಇದ್ದರೆ ಬೆಕ್ಕು ತಡೆದುಕೊಳ್ಳುತ್ತದೆ, ಕಡಿಮೆಯಾದರೆ ಒಂದು ರಾತ್ರಿಯೂ ತಡೆಯುವುದಿಲ್ಲ.

ಊಟವನ್ನು ಒಂದೇ ದಿನ ಬದಲಿಸಬೇಡಿ. ಹತ್ತು ದಿನ ಹಿಡಿಯಲಿ, ಪ್ರತಿ ಮೂರು ದಿನಕ್ಕೆ ಕಾಲು ಭಾಗ ಅನ್ನ-ಕಾಳು ತೆಗೆದು ಆ ಜಾಗಕ್ಕೆ ಹಸಿ ಪೌಚ್ (ಪೊಟ್ಟಣದ ತೇವದ ಕ್ಯಾಟ್ ಫುಡ್) ಹಾಕಿ. ಪ್ರತಿ ಹಂತದಲ್ಲೂ ಸಕ್ಕರೆ ನೋಡಿ. ಪೌಚ್ ಆರಿಸುವಾಗ ಮುಂದಿನ ಬಣ್ಣದ ಚಿತ್ರ ಬಿಟ್ಟು ಹಿಂದಿನ ಅಂಕಿ ಓದಿ. ಒಂದು ಪೌಚಿನಲ್ಲಿ ಪ್ರೋಟೀನ್ 9, ಕೊಬ್ಬು 3, ನಾರು 1, ತೇವಾಂಶ 83, ಬೂದಿ 2 ಅಂತಿದ್ದರೆ ಒಟ್ಟು 98. ನೂರರಲ್ಲಿ ಉಳಿದ 2 ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ: 31.5, 7, 25.5. ಒಟ್ಟು 64 ಕ್ಯಾಲೊರಿ, ಅದರಲ್ಲಿ ಪಿಷ್ಟದ್ದು 7, ಅಂದರೆ ಶೇ 11. ಶೇ 12ರ ಒಳಗಿದ್ದರೆ ಸಾಕು. ಇದೇ ಲೆಕ್ಕವನ್ನು ಪ್ರೋಟೀನ್ 32, ಕೊಬ್ಬು 10, ನಾರು 4, ತೇವಾಂಶ 10, ಬೂದಿ 8 ಇರುವ ಒಣ ಕಾಳಿಗೆ ಹಾಕಿದರೆ ಶೇ 39 ಬರುತ್ತದೆ. ಕಿಡ್ನಿಯ ಒಣ ಕಾಳಿನಲ್ಲಿ ಪ್ರೋಟೀನ್ ಇಳಿಸಿ ಆ ಜಾಗ ತುಂಬಲು ಪಿಷ್ಟವನ್ನೇ ಏರಿಸಿರುತ್ತಾರೆ.

ಎರಡನೇ ಹಂತದ ಕಿಡ್ನಿಗೆ ಪ್ರೋಟೀನ್‌ಗಿಂತ ರಂಜಕ (ಫಾಸ್ಫರಸ್) ಇಳಿಸುವುದು ಮುಖ್ಯ. ಬೂತಾಯಿಯ ತಲೆ ಮತ್ತು ಮುಳ್ಳು ರಂಜಕದ ಗಣಿ, ಇವತ್ತೇ ನಿಲ್ಲಿಸಿ. ಪೌಚ್ ಮುಟ್ಟದಿದ್ದರೆ ಮುಳ್ಳಿಲ್ಲದ ಮೀನು ಅಥವಾ ಚಿಕನ್ ಬೇಯಿಸಿ, ನೀರು ಚೆಲ್ಲಿ, ಉಪ್ಪು-ಈರುಳ್ಳಿ-ಬೆಳ್ಳುಳ್ಳಿ ಸೋಕಿಸದೆ ಕೊಡಿ. ಬೆಂದ ನೀರಿನೊಂದಿಗೆ ಸ್ವಲ್ಪ ರಂಜಕ ಹೋಗುತ್ತದೆ. ಅದರಲ್ಲೇ ತಿಂಗಳುಗಟ್ಟಲೆ ನಡೆಸಬೇಡಿ, ಕ್ಯಾಲ್ಸಿಯಂ, ಟೌರಿನ್ (ಬೆಕ್ಕಿಗೆ ಬೇಕೇ ಬೇಕಾದ ಅಮೈನೋ ಆಮ್ಲ) ಸಾಲುವುದಿಲ್ಲ. ಮುಂದಿನ ಸಲ ರಕ್ತದ ರಂಜಕ ಪರೀಕ್ಷೆ ಕೇಳಿ. 4.6 ದಾಟಿದ್ದರೆ ಊಟದಲ್ಲಿ ಬೆರೆಸುವ ರಂಜಕ-ಬಂಧಕ ಪುಡಿಯನ್ನು ನಿಮ್ಮ ಡಾಕ್ಟ್ರು ಸೇರಿಸುತ್ತಾರೆ. ಕಿಡ್ನಿ ಮೂರು-ನಾಲ್ಕನೇ ಹಂತಕ್ಕೆ ಹೋದರೆ ಕಿಡ್ನಿ ಪಥ್ಯವೇ ಮೇಲು, ಆಗ ಇನ್ಸುಲಿನ್ನನ್ನು ಅದಕ್ಕೆ ಹೊಂದಿಸಬೇಕು. ಇವೆಲ್ಲಕ್ಕಿಂತ ಮೊದಲನೇ ನಿಯಮ: ಅವನು ತಿನ್ನಬೇಕು. ಯಾವುದನ್ನೂ ಮುಟ್ಟದೆ ಒಂದು ದಿನ ಕಳೆದರೆ ಲಿವರ್‌ಗೆ ಕೊಬ್ಬು ಇಳಿಯುವ ಭಯ, ಕೀಟೋನ್ ಏರುವ ಭಯ. ಆಗ ಪಥ್ಯ ಬದಿಗಿಟ್ಟು ಹಳೆಯ ಊಟವನ್ನಾದರೂ ತಿನ್ನಿಸಿ.

ಮಾತ್ರೆಯ ಪ್ರಶ್ನೆ. ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಎರಡು ಔಷಧಿಗೆ ಅಮೆರಿಕದಲ್ಲಿ ಬೆಕ್ಕಿಗೆಂದೇ ಒಪ್ಪಿಗೆ ಸಿಕ್ಕಿದೆ: 2022ರ ಡಿಸೆಂಬರ್‌ನಲ್ಲಿ ಬೆಕ್ಸಾಗ್ಲಿಫ್ಲೋಜಿನ್, 2023ರ ಆಗಸ್ಟ್‌ನಲ್ಲಿ ವೆಲಾಗ್ಲಿಫ್ಲೋಜಿನ್. ಅವು ಹಿಂದೆ ಇನ್ಸುಲಿನ್ ಪಡೆಯದ, ಬೇರೆ ಕಾಯಿಲೆ ಇಲ್ಲದ, ಚೆನ್ನಾಗಿ ತಿನ್ನುವ ಬೆಕ್ಕಿಗೆ. ಸಕ್ಕರೆ ಸರಿಯಾಗಿ ಕಾಣುತ್ತಿರುವಾಗಲೇ ಕೀಟೋನ್ ಏರಿ ಪ್ರಾಣಕ್ಕೆ ಬರುವುದು ಅವುಗಳ ದೋಷ. ವಸಡು ನೋಯುತ್ತಿರುವ, ಕಿಡ್ನಿ ಸೊರಗಿದ ಕರಿಯನಿಗೆ ಬೇಡ. ಮನೆಯವರ ಶುಗರ್ ಮಾತ್ರೆಯಂತೂ ಬೇಡವೇ ಬೇಡ. ಬಾಯಿ ನೋವಿಗೆ ಪ್ಯಾರಾಸಿಟಮಾಲ್ ಒಂದು ಚೂರು ಕೊಟ್ಟರೂ ಬೆಕ್ಕು ಸಾಯುತ್ತದೆ, ಇದನ್ನು ಮನೆಯ ಎಲ್ಲರಿಗೂ ಹೇಳಿಡಿ.

ವಸಡನ್ನು ಹಾಗೇ ಬಿಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಸೋಂಕು ಇನ್ಸುಲಿನ್ನಿಗೆ ಸ್ಟಿರಾಯ್ಡಿನ ಹಾಗೆಯೇ ಅಡ್ಡ ಬರುತ್ತದೆ. ಸಕ್ಕರೆ ಪೂರ್ತಿ ಸರಿಯಾಗಲಿ ಅಂತ ಕಾಯಬೇಡಿ, ಕೀಟೋನ್ ಇಲ್ಲದೆ, ತಿನ್ನುತ್ತಾ, ತೂಕ ಇಳಿಯುವುದು ನಿಂತರೆ ಸಾಕು, ಎಕ್ಸ್‌ರೇ ತೆಗೆಸಿ ಕೆಟ್ಟ ಹಲ್ಲು ಕೀಳಿಸಿ. ಮತ್ತೊಂದು ಸ್ಟಿರಾಯ್ಡ್ ಇಂಜೆಕ್ಷನ್ ಬೇಡ ಅಂತ ಕಡತದ ಮೇಲೆ ದೊಡ್ಡದಾಗಿ ಬರೆಸಿ. ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಆಗಿಲ್ಲದಿದ್ದರೆ ಈಗಲೇ ಮಾಡಿಸಿ. ಸಿಹಿ ಮೂತ್ರ ಬ್ಯಾಕ್ಟೀರಿಯಾಕ್ಕೆ ಹಬ್ಬ, ಕಿಡ್ನಿ ಕಾಯಿಲೆಯಲ್ಲಿ ಮೂತ್ರ ತೆಳುವಾಗುವುದರಿಂದ ಇನ್ನೂ ಸಲೀಸು.

ಪೊಟ್ಯಾಸಿಯಂ 3.6 ಕೆಳ ಅಂಚಿನಲ್ಲಿದೆ. ಇನ್ಸುಲಿನ್ ಅದನ್ನು ರಕ್ತದಿಂದ ಜೀವಕೋಶದೊಳಗೆ ಎಳೆಯುತ್ತದೆ. ವಾರದೊಳಗೆ ಮತ್ತೆ ಪರೀಕ್ಷಿಸಿ. ಕುತ್ತಿಗೆ ಎತ್ತಲಾರದೆ ಗದ್ದ ಎದೆಗೆ ತಾಗಿಸಿ ಕೂತರೆ ಅವತ್ತೇ ಆಸ್ಪತ್ರೆಗೆ ಒಯ್ಯಿರಿ. ಹಿಮ್ಮಡಿ ಊರುವುದು ಸಕ್ಕರೆಯಿಂದ ನರ ಸೊರಗಿದ್ದಕ್ಕೆ. ಹತೋಟಿ ಬಂದ ಮೇಲೆ ವಾರಗಳು, ತಿಂಗಳುಗಳು ಹಿಡಿದು ಸುಧಾರಿಸುತ್ತದೆ. ಡ್ರಿಪ್ ಹಾಕುವವರಿಗೆ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಬಾಟಲಿ ಅಂತ ಹೇಳಿ, ಡಿಎನ್‌ಎಸ್ (ಡೆಕ್ಸ್‌ಟ್ರೋಸ್ ಬೆರೆತ ಸಲೈನ್) ಅಲ್ಲ, ಅದರಲ್ಲಿ ಗ್ಲೂಕೋಸ್ ಇದೆ. ಡ್ರಿಪ್ಪಿನ ನೀರು ನಿಂತು ಉಬ್ಬಿದ ಜಾಗಕ್ಕೆ ಇನ್ಸುಲಿನ್ ಚುಚ್ಚಬೇಡಿ, ಹೀರಿಕೆ ಏರುಪೇರಾಗುತ್ತದೆ. ಮಲಬದ್ಧತೆಗೆ ಲ್ಯಾಕ್ಟುಲೋಸ್, ಹಸಿವಿಗೆ ಸಿಹಿ ಸಿರಪ್ ಬರೆದರೆ ಸಕ್ಕರೆ ಇಲ್ಲದ ಬದಲಿ ಕೇಳಿ.

ಮೈಸೂರು_ಮಾರ್ಜಾಲ

ಮೀಟರ್ ಬಗ್ಗೆ. ಮನುಷ್ಯರದ್ದು ನಡೆಯುತ್ತದೆ, ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ ಅಂತ ನೆನಪಿರಲಿ. ರಕ್ತಹೀನತೆ ಇದ್ದರೆ ಅದೇ ಮೀಟರ್ ಹೆಚ್ಚು ತೋರಿಸುತ್ತದೆ. ಕಿಡ್ನಿ ಬೆಕ್ಕುಗಳಲ್ಲಿ ರಕ್ತಹೀನತೆ ಸಾಮಾನ್ಯ, ರಿಪೋರ್ಟಿನಲ್ಲಿ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಎಷ್ಟಿದೆ ನೋಡಿಕೊಳ್ಳಿ. ಒಂದೇ ಮೀಟರ್, ಒಂದೇ ಕಂಪನಿಯ ಪಟ್ಟಿ (ಸ್ಟ್ರಿಪ್) ಕೊನೆಯವರೆಗೂ ಇರಲಿ.

ರಕ್ತ ತೆಗೆಯುವುದು ಕಿವಿಯ ಹೊರ ಅಂಚಿನಿಂದ. ಕಾಲ್ಚೀಲದಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಬೆಚ್ಚಗೆ ಮಾಡಿ, ನಿಮ್ಮ ಮಣಿಕಟ್ಟಿಗೆ ಇಟ್ಟು ಬಿಸಿ ನೋಡಿ, ಕಿವಿಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಕಿವಿಯ ಒಳಬದಿಗೆ ಮಡಚಿದ ಹತ್ತಿ ಇಟ್ಟು, ಅಂಚಿನಲ್ಲಿ ಓಡುವ ಸಣ್ಣ ರಕ್ತನಾಳಕ್ಕೂ ಕೂದಲಿಗೂ ನಡುವೆ ಲ್ಯಾನ್ಸೆಟ್ಟಿನಿಂದ ಚುಚ್ಚಿ. ಬೆಚ್ಚಗಿಲ್ಲದ ಕಿವಿ ರಕ್ತ ಕೊಡುವುದಿಲ್ಲ, ಮೊದಲ ದಿನಗಳಲ್ಲಿ ಕೈ ಸೋಲುವುದು ಅದರಿಂದಲೇ. ಕರಿ ಕಿವಿಯಾದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ, ರಕ್ತನಾಳ ಕೆಂಪಾಗಿ ಕಾಣುತ್ತದೆ. ಹನಿ ಉಬ್ಬಿದ ಮೇಲೆ ಪಟ್ಟಿ ತಾಗಿಸಿ, ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ಚೂರು ಬೆಂದ ಚಿಕನ್ ಕೊಡಿ.

ಪ್ರತಿ ಸೂಜಿಗೂ ಮುಂಚೆ ಕಡ್ಡಾಯವಾಗಿ ನೋಡಿ. 200ಕ್ಕಿಂತ ಕೆಳಗಿದ್ದರೆ ಊಟ ಕೊಡದೆ 20–30 ನಿಮಿಷ ಕಾದು ಮತ್ತೆ ನೋಡಿ, ಏರಿ 200 ದಾಟಿದರೆ ಮಾತ್ರ ಸೂಜಿ. ಏಳೆಂಟನೇ ದಿನ ಒಮ್ಮೆ ಎರಡೆರಡು ಗಂಟೆಗೆ 12 ಗಂಟೆ ಕಾಲ ನೋಡಿ ಬರೆದಿಡಿ. ಡೋಸು ನಿರ್ಧಾರವಾಗುವುದು ಆ ಪಟ್ಟಿಯ ಅತಿ ಕಡಿಮೆ ಅಂಕಿಯ ಮೇಲೆ. ಅದು 80ರಿಂದ 150ರೊಳಗೆ ಬಿದ್ದರೆ ಸರಿ. ಆಸ್ಪತ್ರೆಯಲ್ಲಿ ಗಾಬರಿಗೇ ಸಕ್ಕರೆ ಏರುತ್ತದೆ, ಹಾಗಾಗಿ ಮನೆಯ ಅಂಕಿಗೇ ಬೆಲೆ.

ಬೇರೆ ಬೆಕ್ಕುಗಳಲ್ಲಿ ನೀರು ಕುಡಿಯುವುದು ಇಳಿದರೆ ಹತೋಟಿ ಬಂತು ಅಂತ ತಿಳಿಯಬಹುದು. ಕರಿಯನಲ್ಲಿ ಆಗುವುದಿಲ್ಲ, ಕಿಡ್ನಿಯೂ ನೀರು ಕುಡಿಸುತ್ತದೆ. ಮೂತ್ರ ಬಿದ್ದ ಮರಳಿನ ಹೆಂಟೆ ದೊಡ್ಡದಿದೆ ಅಂತ ಇನ್ಸುಲಿನ್ ಏರಿಸುವ ತಪ್ಪು ಆಗುವುದು ಇಲ್ಲೇ.

ಸೂಜಿ ಹೆಗಲಿನ ನಡುವೆ ಬೇಡ, ಪಕ್ಕೆಗೆ, ಒಂದು ಹೊತ್ತು ಎಡ, ಒಂದು ಹೊತ್ತು ಬಲ. ಕೂದಲು ಒದ್ದೆಯಾಗಿ ಔಷಧಿ ಒಳಗೆ ಹೋಯಿತೋ ಇಲ್ಲವೋ ಅನುಮಾನ ಬಂದರೆ ಮತ್ತೆ ಕೊಡಬೇಡಿ. ಒಂದು ಹೊತ್ತು ತಪ್ಪಿದರೆ ಮುಂದಿನದ್ದನ್ನು ದುಪ್ಪಟ್ಟು ಮಾಡಬೇಡಿ.

60ಕ್ಕಿಂತ ಕೆಳಗೆ ಬಂದು ಅವನು ಚುರುಕಾಗಿದ್ದರೆ ತಕ್ಷಣ ಊಟ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ. ತೂರಾಡಿದರೆ, ನಡುಗಿದರೆ, ಕರೆದರೆ ತಿರುಗದಿದ್ದರೆ ಒಂದು ಟೀ ಚಮಚ ಜೇನು ಅಥವಾ ನೀರಲ್ಲಿ ಕಲಸಿದ ಗ್ಲೂಕೋಸ್ ಪುಡಿಯನ್ನು ಬೆರಳಿಂದ ವಸಡಿಗೆ ಸವರಿ. ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಸವರುತ್ತಲೇ ಗಾಡಿ ಹತ್ತಿಸಿ.

ಕರಾವಳಿ_ಕರಿಯ

ಕಿತ್ತಳೆ ಮುಚ್ಚಳದ್ದು, ಅರ್ಧ ಗೆರೆಯದು ತಂದಾಯಿತು. ತುಂಬಾ ಉಪಕಾರ ಆಯಿತು. ಇವತ್ತು ಒಂಬತ್ತನೇ ದಿನ. ಏಳನೇ ದಿನದ ಪಟ್ಟಿಯಲ್ಲಿ ಅತಿ ಕಡಿಮೆ 171 ಇತ್ತು. ಊಟ ಮುಕ್ಕಾಲು ಭಾಗ ಪೌಚ್ ಆಗಿದೆ. ಈಗ ರಾತ್ರಿ 8ಕ್ಕೆ 138 ಬಂತು, ಅರ್ಧ ಗಂಟೆ ಬಿಟ್ಟು 134. ಚುರುಕಾಗಿದ್ದಾನೆ, ಊಟ ಕೇಳುತ್ತಿದ್ದಾನೆ. ಅರ್ಧ ಯೂನಿಟ್ ಕೊಡಲೇ?

ಪಶುವೈದ್ಯೆ_ಮಲೆನಾಡು

ಈ ಹೊತ್ತು ಸೂಜಿ ಬಿಟ್ಟುಬಿಡಿ. ಅಂಕಿ ಏರುತ್ತಿಲ್ಲ, ಇಳಿಯುತ್ತಿದೆ, ಬೆಳಗಿನ ಡೋಸು ಇನ್ನೂ ಕೆಲಸ ಮಾಡುತ್ತಿದೆ ಅಂತ ಅರ್ಥ. ಊಟ ಕೊಡಿ. ರಾತ್ರಿ 11ಕ್ಕೊಮ್ಮೆ ಸಕ್ಕರೆ ನೋಡಿ, ಬೆಳಿಗ್ಗೆ 8ಕ್ಕೆ ಮತ್ತೆ ನೋಡಿ. ಮೂತ್ರದ ಕೀಟೋನನ್ನೂ ಬೆಳಿಗ್ಗೆ ನೋಡಬೇಕು. ಮರಳಿನ ಟ್ರೇಯಲ್ಲಿ ಕೂತಾಗ ಹಿಂದಿನಿಂದ ಉದ್ದ ಹಿಡಿಯ ಸೌಟು ತಳ್ಳಿ ಹನಿ ಹಿಡಿಯಿರಿ, ಕೀಟೋನ್ ಪಟ್ಟಿ ಅದ್ದಿ, ಡಬ್ಬಿಯ ಮೇಲೆ ಹೇಳಿದಷ್ಟು ಸೆಕೆಂಡು ಬಿಟ್ಟು ಬಣ್ಣ ಹೋಲಿಸಿ. ಬಣ್ಣ ತಿರುಗಿದ್ದರೆ, ಅಥವಾ ವಾಂತಿ ಮಾಡಿ ಊಟ ಬಿಟ್ಟರೆ, ಸಕ್ಕರೆ ಎಷ್ಟೇ ಇರಲಿ ಬೆಳಿಗ್ಗೆಯೇ ಆಸ್ಪತ್ರೆ.

ಬೆಳಿಗ್ಗೆ 200 ದಾಟಿದ್ದರೆ ಅರ್ಧ ಯೂನಿಟ್‌ನಿಂದ ಮತ್ತೆ ಶುರು ಮಾಡಬಹುದು ಅಂತ ನನಗನ್ನಿಸುತ್ತದೆ. ಆದರೆ ಕೈಯಲ್ಲಿ ಬೆಕ್ಕು ಹಿಡಿದು ನೋಡಿದವರು ನಿಮ್ಮ ಡಾಕ್ಟ್ರು, ಈ ಎರಡು ಅಂಕಿ ಮತ್ತು ಏಳನೇ ದಿನದ ಪಟ್ಟಿಯ ಫೋಟೋ ಅವರಿಗೆ ಈಗಲೇ ಕಳಿಸಿ. ಸ್ಟಿರಾಯ್ಡ್ ಹಾಕಿ ನಾಲ್ಕು ವಾರ ದಾಟಿದೆ ಅಂತ ಜೊತೆಗೆ ಬರೆಯಿರಿ. ಉಳಿದ ಕಾಲು ಭಾಗ ಅನ್ನ-ಕಾಳನ್ನು ಹೊಸ ಡೋಸು ನಿಗದಿಯಾಗಿ ಮೂರು ದಿನ ಕಳೆಯುವ ತನಕ ತೆಗೆಯಬೇಡಿ.